ಮೆಸ್ಸಿನ ಮೀನು ಎಲ್ಲಿಂದ ಬಂತು ಅಂತ ಕೇಳ್ರಿ

ಪ್ರಶ್ನೆ: ಸರ್, ಅಕ್ರಮ ಮೀನುಗಾರಿಕೆ ಬಗ್ಗೆ ಯೂನಿವರ್ಸಿಟಿನಾಗ ಒಂದು ಜಾಗೃತಿ ಕಾರ್ಯಕ್ರಮ ಮಾಡ್ಬೇಕಂತ ನಾವು ಜೂವಾಲಜಿ ಹುಡುಗ್ರು ಓಡಾಡ್ತಿದೀವಿ. ಸಮುದ್ರನೇ ಇಲ್ಲದ ಬಳ್ಳಾರಿನಾಗ ಇದೆಂಥದಪಾ ಅಂತ ಎಲ್ಲಾರೂ ನಗ್ತಾರ. ಇಲ್ಲಿದ್ದು ಏನಾದ್ರೂ ಮಾಡಾಕಾಗತೈತಾ?
– ಎಂ.ಎಸ್ಸಿ. ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನಗೋರಿಗೆ ತುಂಗಭದ್ರಾ ಕಡೆ ಕೈ ತೋರಸ್ರಿ. ಮುದ್ಲಾಪುರದಿಂದ ಕಂಪ್ಲಿತನಕ ಸುಮಾರು 34 ಕಿಲೋಮೀಟರ್ ಹೊಳಿನ 2015ರಾಗ ನೀರುನಾಯಿಗಳ ಸಲುವಾಗಿ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಣೆ ಮಾಡೇತಿ, ಅಂಥಾ ಹೊಳಿಗೂ ಸಿಡಿಮದ್ದು ಹಾಕಿ ಮೀನು ಹಿಡಿಯೋರ ಕಾಟ ತಪ್ಪಿಲ್ಲ. ಮದ್ದು, ವಿಷ ಹಾಕಿ ಮೀನು ಹಿಡೀಬಾರ್ದು ಅಂತ 1897ರ ಕಾಯ್ದೆನಾಗೇ ಐತಿ! ಒಂದು ಸಿಡಿತಕ್ಕ ದೊಡ್ಡ ಮೀನಷ್ಟೇ ಅಲ್ಲ ಮರಿನೂ ಹೋಗ್ತಾವು, ಸತ್ತವು ಎಷ್ಟೋ ತಳಕ್ಕ ಮುಳುಗಿ ಯಾರ ಕೈಗೂ ಸಿಗಂಗಿಲ್ಲ, ಆಮ್ಯಾಲ ಹರಗೋಲಿನಾಗ ಹೋಗಿ ಬಲೆ ಹಾಕೋ ಬೆಸ್ತರು ಬರಿಗೈಲೆ ಬರ್ಬೇಕು.

ನೀವು ಜೂವಾಲಜಿಯವರಾಗಿದ್ದೇ ಅನುಕೂಲ ಆತು ನೋಡ್ರಿ. ಮದ್ದಿಗೆ ಸತ್ತ ಮೀನು ಕೊಯ್ದ್ರೆ ಒಳಗಿನ ಗಾಳಿಚೀಲ ಒಡೆದಿರತೈತಿ, ರಕ್ತ ಸೋರಿರತೈತಿ, ಬೆನ್ನೆಲುಬು ಮುರಿದಿರೋದೂ ಉಂಟು. ಸಂತ್ಯಾಗ ಮೀನು ಕೊಂಡು ತಂದು ಪ್ರಾಕ್ಟಿಕಲ್‌ನಾಗ ಇದನ್ನ ನೋಡ್ರಿ, ಬರ್ದಿಡ್ರಿ, ಮೇಷ್ಟ್ರ ಸಹಿ ಹಾಕಿಸಿ ಮೀನುಗಾರಿಕೆ ಇಲಾಖೆಗೆ ಕೊಡ್ರಿ. ಮಾರೋ ಹೆಣ್ಮಕ್ಕಳ ಜೊತೆ ಮಾತ್ರ ಜಗಳಕ್ಕ ನಿಲ್ಲಬ್ಯಾಡ್ರಿ, ಪಾಪ ಅವರು ಬಂದದ್ದು ಮಾರ್ತಾರ.

ಇನ್ನ ಜಾಗೃತಿ ಕಾರ್ಯಕ್ರಮ ಅಂದ್ರಲ್ಲ, ಬ್ಯಾನರ್ರು, ಹಾರ, ಗ್ರೂಪ್ ಫೋಟೋ, ಚಾ ಕುಡುದು ಎದ್ದು ಹೋಗೋದು, ನನಗಂತೂ ಅದರ ಮ್ಯಾಲೆ ನಂಬಿಕಿ ಇಲ್ಲ. ಅದರ ಬದ್ಲಿ ಹಾಸ್ಟೆಲ್ ಮೆಸ್ಸಿಗೆ ಮೀನು ಹಾಕೋ ಟೆಂಡರ್ ಯಾರ ಹತ್ರ ಐತಿ ಕೇಳ್ರಿ, ಯಾವ ಕೆರಿದು, ಯಾವ ಬಂದರಿಂದು ಅಂತ ಬಿಲ್‌ನಾಗ ಬರೀಬೇಕು ಅಂತ ಕರಾರಿನಾಗ ಒಂದು ಸಾಲು ಸೇರಸ್ರಿ, ದುಡ್ಡು ಕೊಡೋರು ಕೇಳಿದ್ರ ಸಪ್ಲೈಯರ್ ಹೇಳ್ತಾನ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದನ್ನ ಕೇಂದ್ರ ಸರ್ಕಾರ 2000ದಾಗೇ ನಿಷೇಧ ಮಾಡೇತಿ, ಅಗ್ಗ ಸಿಗತೈತಿ ಅಂತ ಅದನ್ನ ತರೋದು ಬ್ಯಾಡ. ಕರಾವಳಿ ಮೀನು ತರಸ್ತಿದ್ರೆ ಜೂನ್ 1ರಿಂದ ಜುಲೈ 31ರತನಕ ಅಲ್ಲಿ ದೊಡ್ಡ ಬಲೆ ಎಳೆಯೋ ಟ್ರಾಲ್ ಬೋಟ್‌ಗಳು ಮೀನು ಹಿಡಿಯೋ ಹಂಗಿಲ್ಲ, ಆ ಟೈಮಿನಾಗ ಕೆರಿ ಕಾಟ್ಲಾ, ರೋಹು ತಿನ್ರಿ, ಏನಾಗತೈತಿ?

ಹಂಗೇ ಅಡಿಗಿ ಮನ್ಯಾಗ ಒಂದು ಸ್ಕೇಲ್ ಇಡ್ರಿ. 14 ಸೆಂ.ಮೀ.ಗಿಂತ ಸಣ್ಣ ಬಂಗುಡೆ, 10ಕ್ಕಿಂತ ಸಣ್ಣ ಬೂತಾಯಿ ಹಿಡೀಬಾರ್ದು ಅಂತ ಕೇರಳದಾಗ 2015ರಲ್ಲೇ ನಿಯಮ ಆಗೇತಿ, ನಿಮ್ಮ ಮೆಸ್ಸೂ ಅದನ್ನೇ ಇಟ್ಕೊಬಹುದು. ಅಳತಿ ಹೆಂಗ ತಗೋಬೇಕು ಅನ್ನೋದಕ್ಕ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ನಿಮ್ಮ ಎಚ್ಓಡಿ ಕಡೆಯಿಂದ ಒಂದು ಪತ್ರ ಬರೆಸ್ರಿ.