ಕಾಲೇಜು ಮಂಗಳೂರಿನಲ್ಲಿ, ಅರ್ಜಿ ಕಾಸರಗೋಡಿನಲ್ಲಿ

ಬೆಂಗಳೂರಿನಲ್ಲಿ ಕೂತು ನೀವು ಕೇಳಿದ್ದು ಸಹಜವಾದ ಪ್ರಶ್ನೆಯೇ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಹುಡುಗ, ಮನೆಮಾತು ಕನ್ನಡ, ಹತ್ತನೆಯವರೆಗೆ ಕನ್ನಡ ಮೀಡಿಯಂ, ಈಗ ಮಂಗಳೂರಿನಲ್ಲಿ ಡಿಗ್ರಿ. ಅವನು ಕರ್ನಾಟಕದ ಸ್ಕಾಲರ್‌ಶಿಪ್‌ಗೆ ಯಾಕೆ ಅರ್ಜಿ ಹಾಕಬಾರದು? ಇದೇ ಮಾತು ಪ್ರತಿ ಜೂನ್, ಜುಲೈಯಲ್ಲಿ ನಮ್ಮ ಮನೆಯ ಜಗಲಿಯಲ್ಲೂ ಬರುತ್ತದೆ. ಪ್ಲಸ್ ಟು (ನಿಮ್ಮ ಪಿಯುಸಿ) ಮುಗಿಸಿದ ಮಕ್ಕಳು, ಅವರ ಅಮ್ಮಂದಿರು, ಮಳೆಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು ಬರುತ್ತಾರೆ. ಮಗಳ ಅರ್ಜಿಗೆಂದು ಓಡಾಡಿ ನಾನು ಕಲಿತದ್ದನ್ನು ಅವರಿಗೆ ಹೇಳುತ್ತೇನೆ.

ಮೊದಲು ತಿಳಿಯಬೇಕಾದ್ದು ಒಂದೇ: ಸ್ಕಾಲರ್‌ಶಿಪ್ ಕೊಡುವುದು ಮನೆ ಇರುವ ರಾಜ್ಯ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಲ್ಲೇ ಹಾಗೆ ಉಂಟು, ವಿದ್ಯಾರ್ಥಿ ಯಾವ ರಾಜ್ಯದ ಕಾಯಂ ನಿವಾಸಿಯೋ ಆ ರಾಜ್ಯವೇ ಕೊಡಬೇಕು. ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಈ ಯೋಜನೆ ಶುರುವಾದದ್ದು 1944ರಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲೇ ಇಲ್ಲ. ಹಾಗಾಗಿ ಮಂಜೇಶ್ವರದ ಹುಡುಗಿ ಬೆಳಿಗ್ಗೆ ಬಸ್ಸು ಹತ್ತಿ ಗಡಿಯ ತಲಪಾಡಿ ದಾಟಿ ಕ್ಲಾಸಿಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಾಳೆ, ಅವಳ ಸ್ಕಾಲರ್‌ಶಿಪ್ ತೀರ್ಮಾನವಾಗುವ ರಾಜಧಾನಿ ಮಾತ್ರ 500 ಕಿಲೋಮೀಟರಿಗೂ ಆಚೆ, ತಿರುವನಂತಪುರದಲ್ಲಿ.

ಸೀಟು ಬೇರೆ, ಹಣ ಬೇರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವ ಗಡಿನಾಡಿನ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಅವಕಾಶ ಉಂಟು. ಅದನ್ನು ನೋಡಿ ಎಷ್ಟೋ ಮನೆಯವರು ಸ್ಕಾಲರ್‌ಶಿಪ್ಪೂ ಸಿಗುತ್ತದೆ ಎಂದುಕೊಳ್ಳುತ್ತಾರೆ. ಕರ್ನಾಟಕದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಪೋರ್ಟಲ್ ತೆರೆದರೆ ಅದು ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ಕೇಳುತ್ತದೆ. ಆ ನಂಬರ್ ಬರುವುದು ನಾಡಕಚೇರಿಯ ಕಾಗದದಲ್ಲಿ. ನಮಗೆ ನಾಡಕಚೇರಿ ಇಲ್ಲ, ವಿಲ್ಲೇಜ್ ಆಫೀಸು. ಅದರ ಕಾಗದದಲ್ಲಿ ಆರ್‌ಡಿ ನಂಬರ್ ಇರುವುದಿಲ್ಲ. ಒಂದೇ ಬೆಂಚಿನಲ್ಲಿ ಕೂತ ಬಂಟ್ವಾಳದ ಗೆಳತಿಗೆ ಕರ್ನಾಟಕದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಹಣ ಬರುವಾಗ ನಮ್ಮ ಹುಡುಗಿಗೆ ಬೇಸರವಾಗುವುದು ನಿಜ. ಅದಕ್ಕೇ ಆಡ್ಮಿಷನ್ನಿಗೆ ಮೊದಲೇ ಇದನ್ನೆಲ್ಲ ಬಿಡಿಸಿ ಹೇಳುತ್ತೇನೆ.

ಜಾತಿಯ ಲೆಕ್ಕವೂ ಗಡಿಯಲ್ಲಿ ಬದಲಾಗುತ್ತದೆ. ಬಿಲ್ಲವರು ಕರ್ನಾಟಕದಲ್ಲಿ ಪ್ರವರ್ಗ 2ಎ. ಕೇರಳದಲ್ಲಿ ಈಳವ, ತೀಯ, ಬಿಲ್ಲವ ಮೂವರದೂ ಒಂದೇ ಸಾಲು. ಅಕ್ಕ ವಿಟ್ಲಕ್ಕೆ ಮದುವೆಯಾಗಿ ಹೋಗಿ, ತಂಗಿ ಇಲ್ಲೇ ಬಾಯಾರಿನಲ್ಲಿ ಉಳಿದರೆ, ಇಬ್ಬರ ಮಕ್ಕಳ ಅರ್ಜಿಯಲ್ಲಿ ತುಂಬಿಸುವ ಪ್ರವರ್ಗವೇ ಬೇರೆ. ದೊಡ್ಡಮ್ಮನ ಮಗನ ಅರ್ಜಿ ನೋಡಿ ಬರೆಯಬೇಡಿ ಎಂದು ನಾನು ಹೇಳುವುದು ಇದಕ್ಕೆ.

ಇಲ್ಲಿ ಹಿಂದುಳಿದವರಿಗೆ, ಪರಿಶಿಷ್ಟರಿಗೆ ಇರುವ ದೊಡ್ಡ ದಾರಿ ಇ-ಗ್ರಾಂಟ್ಸ್, ಕೇರಳ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್. ಅಲ್ಪಸಂಖ್ಯಾತ ಸಮುದಾಯದ ಹೆಣ್ಣುಮಕ್ಕಳಿಗೆ ಸಿ.ಎಚ್. ಮುಹಮ್ಮದ್ ಕೋಯ ಹೆಸರಿನ ಸ್ಕಾಲರ್‌ಶಿಪ್ ಬೇರೆಯೇ ಉಂಟು, ಡಿಗ್ರಿಯವರಿಗೆ ವರ್ಷಕ್ಕೆ 5,000 ರೂಪಾಯಿ. ಮೊದಲ ಕೆಲಸ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಜಾಗ): ವರಮಾನ, ಜಾತಿ, ನಿವಾಸದ ಸರ್ಟಿಫಿಕೇಟಿಗೆ ಅಲ್ಲಿಂದ ಅರ್ಜಿ ಹಾಕುವುದು, ವಿಲ್ಲೇಜ್ ಆಫೀಸಿನ ಮೂಲಕ ಅದು ಮಂಜೂರಾಗುವುದು. ಆಮೇಲೆ ಇ-ಗ್ರಾಂಟ್ಸ್‌ನಲ್ಲಿ ಆಧಾರ್ ಕೊಟ್ಟು ಹೆಸರು ನೋಂದಾಯಿಸಿ, ಅರ್ಜಿ ತುಂಬಿಸಿ, ಅದರ ಪ್ರಿಂಟ್ ಕಾಲೇಜಿಗೆ ಕೊಡುವುದು. ಕಾಲೇಜಿನವರು ಪರಿಶೀಲಿಸಿ ಮುಂದೆ ಕಳಿಸಿದ ಮೇಲೆಯೇ ಇಲಾಖೆ ಅದನ್ನು ನೋಡುವುದು.

ಕಷ್ಟ ಇರುವುದು ಮಾತಿನಲ್ಲಿ. ಪೋರ್ಟಲ್ ಇಂಗ್ಲಿಷ್, ಸುತ್ತೋಲೆ ಮತ್ತು ಘೋಷಣಾಪತ್ರಗಳು ಮಲಯಾಳ. ಮಲಯಾಳದಲ್ಲಿ ಅರ್ಜಿಗೆ ‘ಅಪೇಕ್ಷ’ ಎನ್ನುತ್ತಾರೆ. ನಮಗೆ ಅಪೇಕ್ಷೆ ಎಂದರೆ ಆಸೆ. ಅಡಿಯಲ್ಲಿ ‘ಒಪ್ಪ್’ ಎಂದು ಬರೆದಿರುತ್ತದೆ, ಸಹಿ ಎಂದರ್ಥ. ನಮ್ಮ ಮಕ್ಕಳು ಅದನ್ನು ‘ಒಪ್ಪಿದ್ದೇನೆ’ ಎಂದು ತಿಳಿಯುತ್ತಾರೆ. ಹೋದ ವರ್ಷ ಒಬ್ಬಳು ‘ರಕ್ಷಿತಾವ್’ ಎಂದಿದ್ದ ಗೆರೆಯ ಮೇಲೆ ತನ್ನ ಹೆಸರನ್ನೇ ಬರೆದು ತಂದಿದ್ದಳು. ಅಕ್ಷರ ಕೂಡಿಸಿ ಓದುವಷ್ಟು ಮಲಯಾಳ ಅವಳಿಗೆ ಬರುತ್ತದೆ. ಕನ್ನಡದಲ್ಲಿ ರಕ್ಷಿತ ಎಂದರೆ ಕಾಪಾಡಲ್ಪಟ್ಟವರು ತಾನೇ, ಹಾಗಾದರೆ ಅದು ನಾನೇ ಎಂದು ಯೋಚಿಸಿದ್ದಾಳೆ. ಮಲಯಾಳದಲ್ಲಿ ಅದು ಕಾಪಾಡುವವರು, ಅಂದರೆ ಪೋಷಕರು. ಅವಳು ಯೋಚಿಸಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಆ ಹಾಳೆ ನೋಡಿ ನನಗೆ ಸಂಕಟವಾಯಿತು.

ಹೆಸರಿನ ಕಾಟ ಇನ್ನೊಂದು. ನನ್ನ ಮಗಳ ಹೆಸರು ‘ಶ’ದಿಂದ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ನಾವು ಅದಕ್ಕೆ ಎಸ್, ಎಚ್ ಎರಡಕ್ಷರ ಬರೆಯುತ್ತೇವೆ. ಮಲಯಾಳದ ರೂಢಿಯಲ್ಲಿ ಎಸ್ ಒಂದೇ ಸಾಕು, ಶಶಿ ಎಂಬುದನ್ನು ಎಸ್, ಎ, ಎಸ್, ಐ ಎಂದು ಬರೆಯುವವರೇ ಹೆಚ್ಚು. ಅವಳ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ (ನಿಮ್ಮ ಅಂಕಪಟ್ಟಿಯ ಹಾಗೆ) ಎಸ್ ಒಂದೇ, ಆಧಾರಿನಲ್ಲಿ ಎಸ್, ಎಚ್. ಡಿಗ್ರಿಯ ಮೊದಲ ವರ್ಷದ ಅರ್ಜಿ ಆ ಒಂದು ಅಕ್ಷರಕ್ಕೆ ವಾಪಸ್ ಬಂತು. ಎಸ್ಸೆಸ್ಸೆಲ್ಸಿ ಪುಸ್ತಕ ತೋರಿಸಿ ಆಧಾರ್ ತಿದ್ದಿಸಿ, ಬ್ಯಾಂಕ್ ಪಾಸ್‌ಬುಕ್ ತಿದ್ದಿಸಿ, ಮತ್ತೆ ಅರ್ಜಿ ಹಾಕುವಾಗ ಎರಡು ತಿಂಗಳು ಹೋಯಿತು. ಆ ಎರಡು ತಿಂಗಳು ಹಾಸ್ಟೆಲಿನ ಹಣಕ್ಕೆ ಅಡಿಕೆ ಒಣಗುವ ಮೊದಲೇ ಮಾರಬೇಕಾಯಿತು. ಅಂದಿನಿಂದ ಯಾರೇ ಬರಲಿ, ಜಗಲಿಯಲ್ಲಿ ಮೂರೂ ಕಾಗದ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿಸುತ್ತೇನೆ. ಇನಿಷಿಯಲ್ ಮುಂದೆ ಉಂಟಾ, ಹಿಂದೆ ಉಂಟಾ? ಮನೆ ಹೆಸರು ಒಂದರಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗಿದೆಯಾ? ಊರು ಒಂದು ಕಡೆ ‘ಮಂಜೇಶ್ವರ’, ಇನ್ನೊಂದು ಕಡೆ ‘ಮಂಜೇಶ್ವರಂ’ ಆಗಿದೆಯಾ?

ಬ್ಯಾಂಕಿನ ವಿಷಯ ಚಿಕ್ಕದು, ಆದರೆ ಮಂಗಳೂರಿಗೆ ಹೋಗುವವರು ಎಡವುವುದು ಇಲ್ಲಿ. ಆಧಾರ್ ಆಧಾರಿತ ಹಣ ಹೋಗುವುದು ಕೊನೆಗೆ ಯಾವ ಬ್ಯಾಂಕಿಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ. ಕಾಲೇಜಿನ ಹತ್ತಿರ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದರೆ, ಊರಿನ ಪಾಸ್‌ಬುಕ್ ಹಿಡಿದು ಎಷ್ಟು ಸಲ ಎಂಟ್ರಿ ಹಾಕಿಸಿದರೂ ಹಣ ಕಾಣುವುದಿಲ್ಲ.

ಕನ್ನಡದಲ್ಲಿ ಕೇಳುವುದು ಉಪಕಾರ ಬೇಡಿದಂತೆ ಎಂದು ನಮ್ಮವರೇ ಹಿಂಜರಿಯುತ್ತಾರೆ. ಅದು ನನಗೆ ಸಹಿಸಲಾಗದ ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳರಿಗೂ ಕನ್ನಡಿಗರಿಗೂ ಹಕ್ಕು ಬರೆದಿಟ್ಟಿದೆ. ಸೆಕ್ರೆಟೇರಿಯಟ್ಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ನಾವು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಾನು ವಿಚಾರಣೆಯ ಪತ್ರಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಜಗಲಿಗೆ ಬರುವ ಮಕ್ಕಳಿಂದಲೂ ಹಾಗೆಯೇ ಬರೆಸುತ್ತೇನೆ.

ಇನ್ನು ನಿಮ್ಮ ಪೆರ್ಲದ ಹುಡುಗ. ಹೊರ ರಾಜ್ಯದಲ್ಲಿ ಓದುವ ಎಲ್ಲರಿಗೂ ಕೇರಳದ ಎಲ್ಲ ಆನುಕೂಲ್ಯವೂ ಸಿಗುವುದಿಲ್ಲ. ಯಾವ ಸಮುದಾಯ, ಯಾವ ಕೋರ್ಸ್, ಮೆರಿಟ್ ಸೀಟೋ ಮ್ಯಾನೇಜ್‌ಮೆಂಟ್ ಸೀಟೋ ಎಂಬುದರ ಮೇಲೆ ಅದು ನಿಂತಿದೆ. ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ, ಫೀಸಿನ ವಿವರ, ಸೀಟು ಹಂಚಿಕೆಯ ಕಾಗದ ತೆಗೆದುಕೊಂಡು ಅವನು ಕಾಸರಗೋಡು ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ, ತನ್ನ ಸಮುದಾಯದ ಇಲಾಖೆಯ ಕಚೇರಿಗೆ ತಾನೇ ಹೋಗಲಿ. ಶನಿವಾರಕ್ಕೆ ಕಾಯುವುದು ಬೇಡ, ಒಂದು ದಿನದ ಕ್ಲಾಸು ತಪ್ಪಿದರೂ ಚಿಂತಿಲ್ಲ. ಮೂರು ಕಾಗದದ ಹೆಸರು ಹೊಂದುತ್ತದೆಯೇ ಎಂದು ಹೊರಡುವ ಹಿಂದಿನ ರಾತ್ರಿಯೇ ನೋಡಿಕೊಳ್ಳಲಿ.