ಒಂದು ವಾರಕ್ಕೆ ಬರುವ ಮೊಮ್ಮಕ್ಕಳನ್ನು ಹಪ್ಪಳಕ್ಕೆ ಕೂರಿಸಿ

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗನ ಮಕ್ಕಳು ಮೇ ತಿಂಗಳಲ್ಲಿ ಒಂದು ವಾರ ನಮ್ಮ ಮಲೆನಾಡಿನ ತೋಟದ ಮನೆಗೆ ಬರುತ್ತಿದ್ದಾರೆ. ದೊಡ್ಡವಳಿಗೆ 11, ಚಿಕ್ಕವನಿಗೆ 7 ವರ್ಷ. ಇಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಅವರಿಗೆ ಬೇಜಾರಾಗದ ಹಾಗೆ ಹೇಗೆ ನೋಡಿಕೊಳ್ಳಲಿ? ಅಪ್ಪ ಅಮ್ಮನೂ ವಾರ ಪೂರ್ತಿ ಇಲ್ಲೇ ಇದ್ದರೆ ಒಳ್ಳೆಯದಾ?

ಬೇಜಾರು ಆಗಲಿ ಬಿಡಿ. ಮೊದಲ ದಿನ ಆಗಿಯೇ ಆಗುತ್ತದೆ. ಜಗಲಿಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಮಕ್ಕಳು ಮೊಬೈಲ್ ಎತ್ತಿ ಹಿಡಿದು ತಿರುಗುತ್ತವೆ. ಆಗ ಗಡಿಬಿಡಿ ಮಾಡಿಕೊಂಡು ಜೋಗಕ್ಕೆ ಕಾರು ಮಾಡಬೇಡಿ. ಮೇ ತಿಂಗಳಲ್ಲಿ ಅಲ್ಲಿ ಬಂಡೆ ಬಿಟ್ಟರೆ ನೋಡುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗನ ಮಕ್ಕಳು, ಮಗಳ ಮಕ್ಕಳು ಎಲ್ಲ ಬೇಸಿಗೆಯಲ್ಲಿ ಒಟ್ಟಿಗೇ ಬರುತ್ತವೆ. ನಾನು ಕಂಡುಕೊಂಡದ್ದು ಇಷ್ಟು: ದಿನಕ್ಕೊಂದು ಕಾರ್ಯಕ್ರಮ ಬೇಡ. ಮನೆಯಲ್ಲಿ ಹೇಗಿದ್ದರೂ ಆಗಲೇಬೇಕಾದ ಒಂದು ದೊಡ್ಡ ಕೆಲಸವನ್ನು ಆ ವಾರಕ್ಕೆ ಅಂತ ಉಳಿಸಿಟ್ಟುಕೊಳ್ಳಿ. ನಮ್ಮಲ್ಲಿ ಅದು ಹಲಸಿನ ಹಪ್ಪಳ. ಮಕ್ಕಳಿಗೆ ಹೊತ್ತು ಹೋಗಲಿ ಅಂತ ಸುಮ್ನೆ ಕೊಟ್ಟ ಕೆಲಸ ಯಾವುದು, ಮನೆಗೆ ನಿಜವಾಗಿ ಬೇಕಾದ ಕೆಲಸ ಯಾವುದು ಅಂತ ಅವಕ್ಕೆ ಕೂಡಲೇ ಗೊತ್ತಾಗುತ್ತದೆ. ಮಳೆಗಾಲದ ಹಪ್ಪಳದ ಡಬ್ಬಿ ತುಂಬುವುದು ನಿಮ್ಮ ಕೈಯಲ್ಲಿದೆ ಅಂತ ಹೇಳಿ ನೋಡಿ, ಕೂರುವ ಠೀವಿಯೇ ಬೇರೆ.

ಹಿಂದಿನ ದಿನವೇ ಚೆನ್ನಾಗಿ ಬೆಳೆದ, ಆದರೆ ಹಣ್ಣಾಗದ ಬಕ್ಕೆ (ತೊಳೆ ಗಟ್ಟಿ ಇರುವ ಜಾತಿ) ಹಲಸಿನಕಾಯಿ ಕೊಯ್ಯಿಸಿಡಿ. ಹೆಚ್ಚುವುದು ದೊಡ್ಡವರ ಕೆಲಸ. ತೊಳೆ ಬಿಡಿಸುವುದಕ್ಕೆ ಮಕ್ಕಳನ್ನು ಕೂರಿಸಿ. ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಸಿ, ಇಲ್ಲದಿದ್ದರೆ ಮೇಣ ಕೂದಲಿಗೂ ಅಂಟಿ ಅಮ್ಮನ ಹತ್ತಿರ ಬೈಗುಳ ನಿಮಗೇ. ಬೇಳೆ ಬೇರೆ, ತೊಳೆ ಬೇರೆ ಮಾಡಿದ ಮೇಲೆ ತೊಳೆಯನ್ನು ಹಬೆಯಲ್ಲಿ ಬೇಯಿಸಬೇಕು. ನೀರು ತಾಗಬಾರದು, ತಾಗಿದರೆ ಹಿಟ್ಟು ತೆಳ್ಳಗಾಗುತ್ತದೆ. ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಬೇಕು. ಹನ್ನೊಂದು ವರ್ಷದವಳು ಒನಕೆ ಹಿಡಿಯಬಲ್ಲಳು. ನಾಲ್ಕು ಪೆಟ್ಟಿಗೇ ಕೈ ಸೋತಿತು ಅನ್ನುತ್ತಾಳೆ. ಅನ್ನಲಿ. ಸ್ವಲ್ಪ ಹೊತ್ತಿಗೆ ಮತ್ತೆ ಅವಳೇ ಬರುತ್ತಾಳೆ. ಈಗ ಹೆಚ್ಚಿನ ಮನೆಗಳಲ್ಲಿ ಗ್ರೈಂಡರಿಗೇ ಹಾಕುತ್ತಾರೆ, ನಾವೂ ಹಾಕುತ್ತೇವೆ. ಆದರೆ ಮಕ್ಕಳು ಬಂದಾಗ ಮಾತ್ರ ಒರಳು ತೊಳೆದಿಡುತ್ತೇನೆ.

ಚಿಕ್ಕವನಿಗೆ ಉಂಡೆ ಕಟ್ಟುವ ಕೆಲಸ ಕೊಡಿ. ಅವನ ಕೈಯಲ್ಲಿ ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ಗೋಲಿಯಷ್ಟು ಆಗುತ್ತದೆ. ತಿದ್ದಲು ಹೋಗಬೇಡಿ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತಿದಾಗ ಅದು ಉರುಟಾಗಿ ಅಗಲವಾಗುವುದನ್ನು ನೋಡುವುದೇ ಅವಕ್ಕೆ ಆಟ. ನಮ್ಮ ಕಾಲದಲ್ಲಿ ಬಾಳೆ ಎಲೆಯಲ್ಲಿ ಒತ್ತುತ್ತಿದ್ದೆವು. ಇನ್ನು ಹಿಟ್ಟು ತಿನ್ನುವ ವಿಷಯ. ಬಿಸಿ ಹಿಟ್ಟಿಗೆ ತೆಂಗಿನೆಣ್ಣೆ ಹಾಕಿ ಕೊಟ್ಟರೆ ಪಿಜ್ಜಾ ಕೇಳುವ ಮಕ್ಕಳೂ ತಿನ್ನುತ್ತವೆ. ಮಿತಿಯಲ್ಲಿ ಕೊಡಿ, ಅಭ್ಯಾಸವಿಲ್ಲದ ಹೊಟ್ಟೆ ಕೆಡುತ್ತದೆ.

ನಿಜವಾದ ಮಜಾ ಒಣಗಿಸುವಾಗ. ಅಂಗಳಕ್ಕೆ ಚಾಪೆ ಹಾಸಿ ಹಪ್ಪಳ ಹರಡಿದ ಮೇಲೆ ಎರಡು ಮೂರು ದಿನ ಕಾವಲು ಬೇಕು, ಅಲ್ವಾ? ಕಾಗೆ, ನಾಯಿ, ಕರು. ಮಧ್ಯಾಹ್ನದ ಮೇಲೆ ಗುಡುಗು ಶುರುವಾದರೆ ಎಲ್ಲರೂ ಓಡಿ ಚಾಪೆ ಒಳಗೆ ತರಬೇಕು. ಮೇ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಸಿಡಿಲು ಹತ್ತಿರ ಬಂತು ಅನ್ನಿಸಿದರೆ ಹಪ್ಪಳ ನೆನೆದರೂ ಸರಿ, ಮಕ್ಕಳನ್ನು ಒಳಗೆ ಕರೆಯಿರಿ. ಕಾವಲಿಗೆ ಕೂತ ಹೊತ್ತಲ್ಲೇ ಮಿಕ್ಕ ಆಟವೆಲ್ಲ ತಾನಾಗಿ ಹುಟ್ಟುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬ ಕೂತರೆ ಇನ್ನೊಬ್ಬ ಸೋಗೆ ಹಿಡಿದು ಅಂಗಳದ ಸುತ್ತ ಎಳೆಯುತ್ತಾನೆ. ನಾನು ಹೇಳಿಕೊಡಲಿಲ್ಲ, ಪಕ್ಕದ ಮನೆ ಮಾಣಿ ಹೇಳಿಕೊಟ್ಟ. ಅಕ್ಕಪಕ್ಕದಲ್ಲಿ ಮಕ್ಕಳಿದ್ದರೆ ಮೊದಲ ದಿನವೇ ಕರೆಸಿ, ನಿಮ್ಮ ಅರ್ಧ ಕೆಲಸ ಮುಗಿಯಿತು.

ಹಪ್ಪಳಕ್ಕೆ ಮಂಗಗಳೂ ಬರುತ್ತವೆ. ಇಲ್ಲಿ ಸ್ವಲ್ಪ ಗಂಭೀರವಾಗಿ ಹೇಳಬೇಕು. ನೀವು ಮಲೆನಾಡಿನವರೇ, ಮಂಗನ ಕಾಯಿಲೆ ಗೊತ್ತಿರುತ್ತದೆ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಜ್ವರ ಅದು. ಹರಡುವುದು ಉಣ್ಣೆ ಹುಳದಿಂದ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಮಳೆ ಹಿಡಿಯುವವರೆಗೂ, ಅಂದರೆ ಸರಿಯಾಗಿ ಮಕ್ಕಳ ರಜೆಯ ಹೊತ್ತಿಗೂ, ಅದರ ಭಯ ಇದ್ದೇ ಇರುತ್ತದೆ. ಸುತ್ತಮುತ್ತ ಎಲ್ಲಾದರೂ ಮಂಗ ಸತ್ತದ್ದು ಕೇಳಿದ್ದರೆ ಮಕ್ಕಳನ್ನು ಕಾಡಿನ ಕಡೆ, ದರಕು, ಅಂದರೆ ಒಣಗಿದ ಎಲೆ, ಗುಡಿಸುವ ಬೆಟ್ಟದ ಕಡೆ ಬಿಡಲೇಬೇಡಿ. ಆಶಾ ಕಾರ್ಯಕರ್ತೆಯರ ಹತ್ತಿರ ಉಣ್ಣೆ ಕಚ್ಚದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಇದೆಯಾ ಕೇಳಿ. ಸಂಜೆ ಬಿಸಿನೀರಿನ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳಲ್ಲಿ ಉಣ್ಣೆ ಕಚ್ಚಿದೆಯಾ ನೋಡಿ. ಕಡಿತವಾದ ಮೇಲೆ ಜ್ವರ ಬರುವುದು ಸಾಮಾನ್ಯವಾಗಿ 3ರಿಂದ 8 ದಿನಕ್ಕೆ. ಅಷ್ಟೊತ್ತಿಗೆ ಮಕ್ಕಳು ಬೆಂಗಳೂರಿಗೆ ಹೋಗಿ ಮುಟ್ಟಿರಲೂಬಹುದು. ಅಲ್ಲಿನ ಡಾಕ್ಟರಿಗೆ ಮಲೆನಾಡಿನ ನೆನಪು ಎಲ್ಲಿಂದ ಬರಬೇಕು? ಹಾಗಾಗಿ ಹೋದ ಮೇಲೆ ಜೋರು ಜ್ವರ, ತಲೆನೋವು ಬಂದರೆ ಎಲ್ಲಿಗೆ ಹೋಗಿದ್ದೆವು ಅಂತ ಮೊದಲು ಹೇಳಿ ಅಂತ ಮಗ ಸೊಸೆಗೆ ಹೇಳಿ ಕಳಿಸಿ.

ನೀರಿನ ವಿಷಯದಲ್ಲಿ ನಮ್ಮನೆಯಲ್ಲಿ ಒಂದೇ ಕಾನೂನು: ದೊಡ್ಡವರಿಲ್ಲದೆ ಹೊಳೆಗೂ ಇಲ್ಲ, ಬಾವಿ ಕಟ್ಟೆಗೂ ಇಲ್ಲ. ಬೇಸಿಗೆಯ ಹೊಳೆ ನೋಡಲು ಪಾಪದ್ದು, ಆದರೆ ನಡುನಡುವೆ ಆಳದ ಗುಂಡಿ ಇರುತ್ತದೆ. ಅದಕ್ಕಿಂತ ನನಗೆ ಹೆದರಿಕೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ್ದು. ಜಾರಿ ಬಿದ್ದರೆ ದೊಡ್ಡವರಿಗೂ ಹತ್ತಿ ಬರಲು ಆಗುವುದಿಲ್ಲ. ನಿಮ್ಮಲ್ಲೋ ಪಕ್ಕದ ತೋಟದಲ್ಲೋ ಇದ್ದರೆ ಬೇಲಿ ಸರಿ ಇದೆಯಾ ನೋಡಿ, ಒಂದು ಗಟ್ಟಿ ಹಗ್ಗ ಇಳಿಬಿಡಿ. ಕತ್ತಿ, ಕೊಕ್ಕೆ, ಪಂಪಿನ ಸ್ವಿಚ್ಚು ಇವೆಲ್ಲ ನಿಮಗೆ ಹೇಳಬೇಕಾಗಿಲ್ಲ.

ಊಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದೋಸೆ, ಜೋನಿಬೆಲ್ಲ, ತುಪ್ಪ ಕೊಟ್ಟರೆ ಬೆಳಗಿನದ್ದು ಮುಗಿಯಿತು. ಮಧ್ಯಾಹ್ನ ಮಾವಿನಕಾಯಿಯ ಅಪ್ಪೆಹುಳಿ ಮಾಡಿ, ಮೆಣಸು ಕಡಿಮೆ ಹಾಕಿ. ಸೆಕೆಗೆ ಮುರುಗಲು ಹಣ್ಣಿನ ಪಾನಕ, ಆ ಬಣ್ಣಕ್ಕೇ ಎರಡು ಲೋಟ ಕುಡಿಯುತ್ತವೆ. ಬೇರೆ ಮಾಡಿಟ್ಟ ಹಲಸಿನ ಬೇಳೆಯನ್ನು ಬಚ್ಚಲೊಲೆಯ ಬೂದಿಯಲ್ಲಿ ಸುಡಿ, ಸಿಪ್ಪೆಗೆ ಒಂದು ಗೀರು ಹಾಕಿ, ಇಲ್ಲದಿದ್ದರೆ ಸಿಡಿಯುತ್ತದೆ. ಒಂದು ಹೊತ್ತು ಮ್ಯಾಗಿ ಕೇಳಿದರೆ ಮಾಡಿಕೊಡಿ, ಅದೇನು ಅಪರಾಧವಲ್ಲ. ಹಳ್ಳಿಯ ಹೆಚ್ಚುಗಾರಿಕೆ ಬಗ್ಗೆ ಭಾಷಣ ಮಾಡುವ ಅಜ್ಜಂದಿರನ್ನು ನಾನು ಬಹಳ ನೋಡಿದ್ದೇನೆ, ನಮ್ಮನೆಯಲ್ಲೂ ಒಬ್ಬರಿದ್ದಾರೆ. ಮಕ್ಕಳು ಎದ್ದು ಹೋಗುತ್ತವೆ.

ಮೊಬೈಲನ್ನೂ ಕಸಿದುಕೊಳ್ಳಬೇಡಿ. ಕರೆಂಟು ಹೋದಾಗ ಅದು ತಾನಾಗಿ ಸಾಯುತ್ತದೆ. ಅಂಥ ಹೊತ್ತಿಗೆ ಅಟ್ಟದಿಂದ ಚನ್ನೆಮಣೆ ಇಳಿಸಿ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಳು. ಲೆಕ್ಕ ಚುರುಕಿರುವ ಮಕ್ಕಳು ಬೇಗ ಹಿಡಿದುಕೊಂಡು ನಮ್ಮನ್ನೇ ಸೋಲಿಸುತ್ತವೆ. ಮೊದಲ ಮಳೆ ಬಿದ್ದಿದ್ದರೆ ರಾತ್ರಿ ದೀಪ ಆರಿಸಿ ಮಿಂಚುಹುಳ ತೋರಿಸಿ. ಹತ್ತಿರದಲ್ಲಿ ಯಕ್ಷಗಾನ ಬಯಲಾಟ ಇದ್ದರೆ ಕರೆದುಕೊಂಡು ಹೋಗಿ. ಕರಾವಳಿಯ ಮೇಳಗಳ ತಿರುಗಾಟ ಮೇ ಕೊನೆಗೆ ಮುಗಿಯುತ್ತದೆ, ಬೇಗ ವಿಚಾರಿಸಿ. ಬೆಳಗಿನವರೆಗೆ ಕೂರಿಸುವ ಹಟ ಬೇಡ. ವೇಷದವರು ಬಣ್ಣ ಹಚ್ಚಿಕೊಳ್ಳುವ ಚೌಕಿ ತೋರಿಸಿ, ರಾಕ್ಷಸನ ಪ್ರವೇಶ ನೋಡಿಸಿ, ಮನೆಗೆ ಬನ್ನಿ.

ಇನ್ನು ಅಪ್ಪ ಅಮ್ಮ ಇರಬೇಕಾ ಅನ್ನುವುದು. ಬಿಟ್ಟು ಒಂದು ರಾತ್ರಿ ಉಳಿದು ಹೋಗಲಿ, ಕೊನೆಗೆ ಒಂದು ದಿನ ಮೊದಲು ಬರಲಿ. ಅವರು ಎದುರಿಗಿದ್ದರೆ ಮಕ್ಕಳು ಪ್ರತಿಯೊಂದಕ್ಕೂ ಅವರ ಮುಖ ನೋಡುತ್ತವೆ. ಮಣ್ಣು ಮುಟ್ಟಬೇಡ, ಬರಿಗಾಲಲ್ಲಿ ಹೋಗಬೇಡ ಅಂತ ಅವರೂ ಸುಮ್ಮನಿರುವುದಿಲ್ಲ. ಆದರೆ ಇದು ನಿಮ್ಮ ಆರೋಗ್ಯದ ಮೇಲೆ ಹೋಗುತ್ತದೆ. ಮಂಡಿ ನೋವು, ಬಿಪಿ ಇದ್ದು ಇಬ್ಬರನ್ನು ಹಿಂಬಾಲಿಸುವುದು ಕಷ್ಟವಾದರೆ ಸಂಕೋಚ ಬೇಡ, ಮಗನನ್ನು ಉಳಿಸಿಕೊಳ್ಳಿ. ವರ್ಕ್ ಫ್ರಂ ಹೋಂ ಅಂತ ಲ್ಯಾಪ್‌ಟಾಪ್ ತೆರೆದು ಕೂರುತ್ತಾನೆ, ನೆಟ್‌ವರ್ಕ್ ಇಲ್ಲ ಅಂತ ಎದ್ದು ಬರುತ್ತಾನೆ. ಆಗ ಅವನ ಕೈಗೆ ಒನಕೆ ಕೊಡಿ.