ರಕ್ತದ ಕ್ಯಾನ್ಸರ್‌ಗೆ ಒಗ್ಗಿದ ಕಾರ್-ಟಿ ಚಿಕಿತ್ಸೆ ಗಡ್ಡೆಗೆ ಯಾಕೆ ಕಷ್ಟ?

ವಿರಾಜಪೇಟೆಯಲ್ಲಿರುವ ನಿಮ್ಮ ಮಾವನವರ ಜಠರದ ಕ್ಯಾನ್ಸರ್‌ಗೆ ಕಾರ್-ಟಿ ಆಗುತ್ತಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಇಲ್ಲ. ಆದರೆ ದಾರಿ ತೆರೆಯುತ್ತಿದೆ.

ಕಾರ್-ಟಿ ಅಂದರೆ ರೋಗಿಯ ಟಿ ಕೋಶಗಳನ್ನೇ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಹೊರತೆಗೆದು, ಕ್ಯಾನ್ಸರ್ ಗುರುತು ಹಿಡಿಯುವ ಜೀನ್ ಸೇರಿಸಿ, ಮತ್ತೆ ಮೈಗೆ ಬಿಡುವುದು. ರಕ್ತದಲ್ಲಿ ಕ್ಯಾನ್ಸರ್ ಕೋಶ ಎದುರಿಗೇ ಸಿಗುತ್ತದೆ. ಗಡ್ಡೆ ಹಾಗಲ್ಲ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ನೋಡಿದ್ದೀರಲ್ವಾ? ಹುಳು ಒಳಗೆ ಸೇರಿದ ಮೇಲೆ ಹೊರಗಿನಿಂದ ಎಷ್ಟು ಸಿಂಪಡಿಸಿದರೂ ತಾಗುವುದಿಲ್ಲ. ಟಿ ಕೋಶಗಳಿಗೂ ಒಳಗೆ ನುಗ್ಗುವುದೇ ಕಷ್ಟ. ನುಗ್ಗಿದರೂ ಟಿಜಿಎಫ್-ಬೀಟಾದಂಥ ಪ್ರೋಟೀನ್‌ಗಳು ಅವನ್ನು ಸುಸ್ತು ಮಾಡುತ್ತವೆ. ಇನ್ನೂ ದೊಡ್ಡ ತಲೆನೋವು ಅಂದರೆ, ಗಡ್ಡೆಯ ಗುರುತು, ಅಂದರೆ ಕೋಶದ ಮೇಲಿನ ಪ್ರೋಟೀನ್, ಆರೋಗ್ಯವಾಗಿರುವ ಅಂಗದಲ್ಲೂ ಇದ್ದರೆ ಅದಕ್ಕೂ ಪೆಟ್ಟು ಬೀಳುತ್ತದೆ.

ಅದಕ್ಕೇ ಎರಡು ಗುರುತು ಒಟ್ಟಿಗೆ ಸಿಕ್ಕಿದರೆ ಮಾತ್ರ ದಾಳಿ ಮಾಡುವ ಕೋಶಗಳನ್ನು, ಟಿಜಿಎಫ್-ಬೀಟಾಗೆ ಜಗ್ಗದ ಕೋಶಗಳನ್ನು ರೂಪಿಸುತ್ತಿದ್ದಾರೆ.

ಚೀನಾದಲ್ಲಿ ಕ್ಲಾಡಿನ್ 18.2 ಎಂಬ ಗುರುತಿನ (ಹಲವು ಜಠರ ಕ್ಯಾನ್ಸರ್ ಕೋಶಗಳ ಮೇಲಿರುವ ಪ್ರೋಟೀನ್) ಮೇಲೆ ನಡೆದ ಜಠರ ಕ್ಯಾನ್ಸರ್ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಕಾರ್-ಟಿ ಗುಂಪಿನಲ್ಲಿ ರೋಗ ಹತೋಟಿಯಲ್ಲಿದ್ದದ್ದು ಸುಮಾರು 3.25 ತಿಂಗಳು, ಮಾಮೂಲಿ ಔಷಧಿಯಲ್ಲಿ 1.77. ಸಣ್ಣ ಹೆಜ್ಜೆ, ಆದರೂ ನನಗೆ ತುಂಬಾ ಭರವಸೆ ಕೊಟ್ಟಿದೆ.

ಭಾರತದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆ ರಕ್ತದ ಕ್ಯಾನ್ಸರ್‌ಗಳಿಗೆ. ಮುಂದಿನ ಸಲ ಡಾಕ್ಟರ್ ಹತ್ತಿರ ಕ್ಲಾಡಿನ್ 18.2 ಪರೀಕ್ಷೆ ಬಗ್ಗೆ ಕೇಳಿ. ಆ ಗುರುತಿಗೆ ಆಂಟಿಬಾಡಿ ಔಷಧಿಯೂ ಬಂದಿದೆ.